ಮಗು ಮಲಗಿದ ಮೇಲೆ ಫೋನ್ ಮಾಡಿ: ಇಬ್ಬರು ಸಚಿವರಿಗೆ ಒಂದು ಬಹಿರಂಗ ಪತ್ರ

ಮಾನ್ಯ ಆರೋಗ್ಯ ಸಚಿವರಿಗೂ, ಮಾನ್ಯ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಸಚಿವರಿಗೂ ನಮಸ್ಕಾರ.

ಒಂದೇ ಕಾಗದ ಇಬ್ಬರಿಗೆ ಯಾಕೆ ಅಂತ ಕೇಳಬಹುದು. ಮಗುವಿಗೆ ಜ್ವರ ಬಂದರೆ ಒಬ್ಬರ ಇಲಾಖೆ, ಅಂಗನವಾಡಿಗೆ ಹೋದರೆ ಇನ್ನೊಬ್ಬರ ಇಲಾಖೆ, ಒಂದನೇ ಕ್ಲಾಸಿಗೆ ಸೇರಿದರೆ ಮೂರನೆಯವರದು. ಮಗುವಿನ ಮನಸ್ಸು ಯಾರ ಇಲಾಖೆಗೆ ಬರುತ್ತೆ ಅಂತ ನನಗೆ ಗೊತ್ತಾಗಲಿಲ್ಲ. ಅದಕ್ಕೇ ಇಬ್ಬರಿಗೂ ಬರೆದಿದ್ದೇನೆ. ನಿಮ್ಮಲ್ಲಿ ಯಾರಾದರೂ ಒಬ್ಬರು ನನ್ನದು ಅಂದರೆ ಸಾಕು. ಕೇಳೋದು ಇಷ್ಟೇ, ಮಕ್ಕಳ ಹಠ, ಸಿಟ್ಟು ಸಂಭಾಳಿಸೋದನ್ನು ಅಪ್ಪ ಅಮ್ಮಂದಿರಿಗೆ ಫೋನಿನಲ್ಲೇ ಕಲಿಸೋ ವ್ಯವಸ್ಥೆ ಮಾಡಿ.

ನಾನು ತುಮಕೂರು ಜಿಲ್ಲೆಯ ಒಂದು ಸಣ್ಣ ಊರಿನಲ್ಲಿ ಬಟ್ಟೆ ಹೊಲಿಯುತ್ತೇನೆ. ಬ್ಲೌಸು, ಲಂಗ, ಸೀರೆಗೆ ಫಾಲ್ಸು. ಯಜಮಾನರು ಬೆಂಗಳೂರಿನ ಪೀಣ್ಯದಲ್ಲಿ ಕೆಲಸಕ್ಕಿದ್ದಾರೆ. ಶನಿವಾರ ರಾತ್ರಿ ಬಂದು ಸೋಮವಾರ ಬೆಳಗಿನ ಜಾವ ಹೋಗುತ್ತಾರೆ. ಆಗ ಮನೆಯಲ್ಲಿ ನಾನು, ಅತ್ತೆ, ಮಗ. ಮಗ ಹುಟ್ಟಿದ್ದು 2020ರಲ್ಲಿ, ಲಾಕ್‌ಡೌನ್ ವರ್ಷ. ಈಗ ಚೆನ್ನಾಗಿದ್ದಾನೆ. ಅದನ್ನು ಮೊದಲೇ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಓದುವವರಿಗೆ ಸುಮ್ನೆ ಆತಂಕ.

ನಾಲ್ಕು ವರ್ಷ ತುಂಬಿದ ಮೇಲೆ ಅವನು ಬದಲಾದ. ಎಲ್ಲ ಮಕ್ಕಳೂ ಹಠ ಮಾಡುತ್ತವೆ, ನನಗೂ ಗೊತ್ತು. ಇದು ಹಾಗಿರಲಿಲ್ಲ. ಚಪ್ಪಲಿ ಎಡಗಾಲಿಗೆ ಮೊದಲು ಹಾಕಿದೆ ಅಂತ ಮುಕ್ಕಾಲು ಗಂಟೆ ನೆಲಕ್ಕೆ ಬಿದ್ದು ಹೊರಳುತ್ತಿದ್ದ. ಬ್ಲೌಸ್ ಅಳತೆ ಕೊಡಲು ಬಂದವರ ಮುಂದೆ ಕತ್ತರಿ ಎಸೆದ. ಅಂಗನವಾಡಿಯಲ್ಲಿ ಜೊತೆಯ ಹುಡುಗಿಯ ಕೈ ಕಚ್ಚಿದ. ಕರೆದುಕೊಂಡು ಹೋಗಿ ಅಂತ ಮಧ್ಯಾಹ್ನ ಫೋನ್ ಬಂದರೆ ನನ್ನ ಎದೆ ಧಸಕ್ಕೆನ್ನುತ್ತಿತ್ತು. ನಾನು ಹೊಡೆಯುತ್ತಿದ್ದೆ. ಹೊಡೆದು ಆಮೇಲೆ ಬಚ್ಚಲಿಗೆ ಹೋಗಿ ನಲ್ಲಿ ಬಿಟ್ಟುಕೊಂಡು ಅಳುತ್ತಿದ್ದೆ. ಅತ್ತೆ ಪಾಪ, “ದೃಷ್ಟಿ ಆಗಿದೆ ಕಣೇ, ಮೆಣಸಿನಕಾಯಿ ನೀವಾಳಿಸಿ ಒಲೆಗೆ ಹಾಕು” ಅಂದರು. ಹಾಕಿದೆವು. ಘಾಟು ಬಂತು. ಬೇರೇನೂ ಆಗಲಿಲ್ಲ.

ರಾತ್ರಿ ಅವನು ಮಲಗಿದ ಮೇಲೆ ಫೋನ್ ಹಿಡಿದುಕೊಂಡು ಕೂರುತ್ತಿದ್ದೆ. ನಮ್ಮಂಥವರಿಗೆ ಬಿಡುವು ಸಿಗೋದೇ ಆ ಹೊತ್ತು. ಮೈಕ್ ಒತ್ತಿ, ಅತ್ತೆಗೆ ಕೇಳಿಸಬಾರದು ಅಂತ ಪಿಸುಮಾತಿನಲ್ಲಿ, “ಮಗು ಕಚ್ಚುತ್ತೆ ಏನು ಮಾಡಬೇಕು” ಅಂತ ಕೇಳುತ್ತಿದ್ದೆ. ಬಂದದ್ದೇನು? ಹಠಮಾರಿ ಮಕ್ಕಳಿಗೆ ಒಂದು ಮಂತ್ರ. ನೆನಪಿನ ಶಕ್ತಿ ಪುಡಿ, ಎರಡು ಡಬ್ಬ ತೆಗೆದುಕೊಂಡರೆ ಒಂದು ಫ್ರೀ. ಅಮೆರಿಕದ ಒಬ್ಬ ಹೆಂಗಸು ಇಂಗ್ಲಿಷಿನಲ್ಲಿ ಬಹಳ ಸಮಾಧಾನವಾಗಿ, ಮಗುವನ್ನು ಅದರ ರೂಮಿಗೆ ಕಳಿಸಿ ಅಂದಳು. ನಮ್ಮ ಮನೆಯಲ್ಲಿ ಇರೋದೇ ಒಂದು ರೂಮು. ಅದರಲ್ಲಿ ಅರ್ಧ ಹೊಲಿಗೆ ಮಷಿನ್ನು. ಒಂದು ವಿಡಿಯೋದವನಂತೂ ಇದೆಲ್ಲ ದೊಡ್ಡ ಕಾಯಿಲೆಯ ಲಕ್ಷಣ, ತಡ ಮಾಡಿದರೆ ಮುಗೀತು ಅಂದ. ಅವತ್ತು ಬೆಳಗಿನವರೆಗೂ ನಿದ್ದೆ ಬರಲಿಲ್ಲ.

ಕೊನೆಗೆ ಒಂದು ಸರ್ಕಾರಿ ಆಸ್ಪತ್ರೆಗೆ ಹೋದೆ. 2014ರಿಂದ ನಮ್ಮ ರಾಜ್ಯದಲ್ಲಿ ಮನೋಚೈತನ್ಯ ಅನ್ನೋ ಕಾರ್ಯಕ್ರಮ ಇದೆ, ಮಂಗಳವಾರ ಮನೋವೈದ್ಯರು ತಾಲ್ಲೂಕು ಆಸ್ಪತ್ರೆಗೆ ಬರುತ್ತಾರೆ. ಒಳ್ಳೆಯ ಕಾರ್ಯಕ್ರಮ, ಅದನ್ನು ದೂರಲು ನಾನು ಈ ಪತ್ರ ಬರೆಯುತ್ತಿಲ್ಲ. ಶಕ್ತಿ ಯೋಜನೆ ಬಂದ ಮೇಲೆ ಹೆಂಗಸರಿಗೆ ಬಸ್ಸಿಗೂ ದುಡ್ಡು ಬೇಡ. ಆದರೆ ಆ ದಿನದ ಹೊಲಿಗೆ ಹೋಯಿತು. ಸಾಲಿನಲ್ಲಿ ನನ್ನ ಮುಂದೆ ಬಹಳ ಜನ ಇದ್ದರು. ನಿದ್ದೆ ಬಾರದ ಅಜ್ಜಂದಿರು, ಕುಡಿತ ಬಿಡಿಸಲು ಗಂಡನನ್ನು ಎಳೆದು ತಂದವರು. ಅವರ ನಡುವೆ ಐದು ವರ್ಷದ ಹುಡುಗನನ್ನು ಕಂಕುಳಲ್ಲಿ ಇಟ್ಟುಕೊಂಡು ನಿಂತಿದ್ದೆ. ಪರಿಚಯದವರು ಯಾರಾದರೂ ನೋಡಿಬಿಟ್ಟರೆ ಅಂತ ಸೆರಗು ಮುಖಕ್ಕೆ ಎಳೆದುಕೊಂಡಿದ್ದೆ. ಜಗಳದಲ್ಲಿ “ನಿಮ್ಹಾನ್ಸ್‌ಗೆ ಸೇರಿಸಬೇಕು ನಿನ್ನ” ಅನ್ನೋದನ್ನೇ ಬೈಗುಳ ಮಾಡಿಕೊಂಡಿರೋ ಜನ ನಾವು. ಭಯ ಆಗದೆ ಇರುತ್ತಾ?

ಡಾಕ್ಟರು ನೋಡಿ, ಔಷಧಿ ಬೇಡ ಅಂದು, ಒಬ್ಬ ಕೌನ್ಸೆಲರ್ ಹತ್ತಿರ ಕಳಿಸಿದರು. ಆಕೆ ಮಗನ ಬಗ್ಗೆ ಏನೂ ಕೇಳಲಿಲ್ಲ. ಮೊದಲ ಪ್ರಶ್ನೆ: “ಅಕ್ಕಾ, ನೀವು ರಾತ್ರಿ ಎಷ್ಟು ಗಂಟೆ ನಿದ್ದೆ ಮಾಡ್ತೀರಾ?” ಇಷ್ಟು ವರ್ಷದಲ್ಲಿ ನನ್ನ ನಿದ್ದೆ ಬಗ್ಗೆ ಯಾರೂ ಕೇಳಿರಲಿಲ್ಲ. ಆಮೇಲೆ ಆಕೆ ಹೇಳಿದ್ದು ಎರಡೇ ಕೆಲಸ. ದಿನಾ ಹತ್ತು ನಿಮಿಷ ಅವನ ಜೊತೆ ನೆಲದ ಮೇಲೆ ಕೂತು ಆಡಿ, ಆಟ ಅವನದು, ನೀವು ಕಲಿಸಬೇಡಿ, ಪ್ರಶ್ನೆ ಕೇಳಬೇಡಿ, ತಿದ್ದಬೇಡಿ. ಅವನು ಏನು ಮಾಡ್ತಿದ್ದಾನೋ ಅದನ್ನೇ ಬಾಯಲ್ಲಿ ಹೇಳಿ, ಕ್ರಿಕೆಟ್ ಕಾಮೆಂಟರಿ ಥರ. ಇನ್ನೊಂದು, ಸಣ್ಣ ಹಠಕ್ಕೆ ಪೆಟ್ಟೂ ಬೇಡ, ಚಾಕೊಲೇಟೂ ಬೇಡ. ಏಟಾಗೋ ಹಾಗಿಲ್ಲದಿದ್ದರೆ ನಿಮ್ಮ ಪಾಡಿಗೆ ನೀವು ಹೊಲಿಯುತ್ತಿರಿ. ಅವನು ತಣ್ಣಗಾದ ತಕ್ಷಣ ಮಾತಾಡಿಸಿ.

ಹತ್ತು ನಿಮಿಷದ ಆಟವಾ? ಇದಕ್ಕಾ ನಾನು ಒಂದು ದಿನದ ಕೂಲಿ ಬಿಟ್ಟು ಬಂದಿದ್ದು ಅನ್ನಿಸಿತು, ಸುಳ್ಳು ಯಾಕೆ ಹೇಳಲಿ.

ನಮ್ಮ ಮನೆಯಲ್ಲಿ ಒಂದು ಹಳೇ ಡಾಲ್ಡಾ ಡಬ್ಬ ಇದೆ, ಅತ್ತೆ ಕಾಲದ್ದು. ಅದರ ತುಂಬ ಗುಂಡಿ. ಶರ್ಟಿನ ಬಿಳಿ ಗುಂಡಿ, ಫ್ರಾಕಿನ ಹೂವಿನ ಗುಂಡಿ, ಕೋಟಿನ ದಪ್ಪ ಕಪ್ಪು ಗುಂಡಿ. ಮಗ ಅದನ್ನು ನೆಲದ ಮೇಲೆ ಸುರಿದ. ನನಗೆ ಬಾಯಿ ತಡೆಯಲಾಗಲಿಲ್ಲ. “ಕೆಂಪು ಗುಂಡಿ ಎಷ್ಟಿದೆ, ಎಣಿಸು ನೋಡೋಣ” ಅಂದೆ. ಅವನು ಗುಂಡಿಗಳನ್ನೆಲ್ಲ ಕಾಲಲ್ಲಿ ಒದ್ದು ಎದ್ದು ಹೋದ. ಮೊದಲ ದಿನ ಅಷ್ಟೇ. ಎರಡನೇ ದಿನ ನಾಲಿಗೆ ಕಚ್ಚಿಕೊಂಡು ಕೂತೆ. “ಓ, ದೊಡ್ಡ ಗುಂಡಿ ಮೇಲೆ ಸಣ್ಣ ಗುಂಡಿ ಕೂತಿತು” ಅಂದೆ. ಅವನು ತಲೆ ಎತ್ತಿ ನನ್ನ ಮುಖ ನೋಡಿದ, ಇವಳಿಗೇನಾಯಿತು ಅನ್ನೋ ಹಾಗೆ. “ಇನ್ನೊಂದು ಬಂತು. ಬಿದ್ದುಹೋಯಿತು.” ನಕ್ಕ. ನಾಲ್ಕನೇ ದಿನ ಗುಂಡಿಗಳನ್ನು ಸಾಲಾಗಿ ಜೋಡಿಸಿ, ಕೋಟಿನ ಕಪ್ಪು ಗುಂಡಿ ಒಂದನ್ನು ಎತ್ತಿಕೊಂಡು ಹೋಗಿ ಮಷಿನ್ ಪೆಡಲ್ ಕೆಳಗೆ ಇಟ್ಟು ಬಂದ. “ಅದು ಅಪ್ಪ. ಅದು ಬೆಂಗಳೂರಲ್ಲಿ ಇರುತ್ತೆ” ಅಂದ.

ನಾನು ಪ್ರಶ್ನೆ ಕೇಳಲಿಲ್ಲ. “ಅಪ್ಪ ಬೆಂಗಳೂರಿಗೆ ಹೋಯಿತು” ಅಂದೆ ಅಷ್ಟೇ.

ಕತೆ ಇಲ್ಲಿಗೇ ಮುಗಿದಿದ್ದರೆ ನಿಮಗೆ ಪತ್ರ ಬರೆಯುವ ಅಗತ್ಯ ಇರಲಿಲ್ಲ. ಒಂಬತ್ತನೇ ದಿನ ಎಲ್ಲಾ ಕೆಟ್ಟಿತು. ಹಠಕ್ಕೆ ಗಮನ ಕೊಡದೆ ಹೊಲಿಯುತ್ತಾ ಕೂತರೆ ಅವನ ಕೂಗಾಟ ಇಳಿಯೋ ಬದಲು ಏರಿತು. ಡಬ್ಬವನ್ನೇ ಬಾಗಿಲಿಗೆ ಎಸೆದ. ಎರಡು ಏಟು ಕೊಟ್ಟೆ. ಕೌನ್ಸೆಲರ್ ಹೇಳಿದ್ದೆಲ್ಲ ಬುರುಡೆ ಅಂತ ತೀರ್ಮಾನ ಮಾಡಿದೆ. ಮತ್ತೆ ಆಸ್ಪತ್ರೆಗೆ ಹೋಗಬೇಕಿದ್ದದ್ದು ಮುಂದಿನ ತಿಂಗಳು. ಅಲ್ಲಿಯವರೆಗೆ ಕೇಳೋಕೆ ಯಾರೂ ಇರಲಿಲ್ಲ.

ಆ ಭಾನುವಾರ ಆಕೆಯೇ ಫೋನ್ ಮಾಡಿದರು, ತಮ್ಮ ಸ್ವಂತ ಫೋನಿನಿಂದ. ನಾನು ರೇಗಿದೆ. ಆಕೆ ಕೇಳಿಸಿಕೊಂಡು, “ಜಾಸ್ತಿ ಆಯ್ತಾ? ಹಾಗಾದ್ರೆ ಅವನಿಗೆ ಗೊತ್ತಾಗಿದೆ ಅಂತ ಅರ್ಥ. ಮೊದಲು ಕೂಗಿದರೆ ಬರ್ತಿದ್ದ ಅಮ್ಮ ಈಗ ಬರ್ತಿಲ್ಲ, ಅದಕ್ಕೆ ಇನ್ನೂ ಜೋರಾಗಿ ಕೂಗಿ ನೋಡ್ತಿದ್ದಾನೆ. ಇನ್ನೊಂದು ವಾರ ತಡೀರಿ” ಅಂದರು. ಮೊದಲೇ ಹೇಳಬಾರದಿತ್ತಾ ಅಂದೆ. “ಹೌದು ಅಕ್ಕಾ, ಹೇಳಬೇಕಿತ್ತು, ಹೊರಗೆ ಸಾಲು ಇತ್ತು” ಅಂದರು. ಐದು ಭಾನುವಾರ ಫೋನ್ ಮಾಡಿದರು, ಒಂದೊಂದು ಸಲ ಹದಿನೈದು ಇಪ್ಪತ್ತು ನಿಮಿಷ. ಅದು ಆಕೆಯ ಡ್ಯೂಟಿ ಆಗಿರಲಿಲ್ಲ. ನನ್ನ ಮಗ ಸರಿಹೋಗಿದ್ದು ಆಸ್ಪತ್ರೆಯಲ್ಲಿ ಅಲ್ಲ, ಆ ಐದು ಭಾನುವಾರ ಫೋನಿನಲ್ಲಿ ಅಂತಲೇ ನಾನು ಹೇಳುತ್ತೇನೆ.

ಈಗ ವಿಷಯಕ್ಕೆ ಬರುತ್ತೇನೆ. ನನಗೆ ಅದೃಷ್ಟ ಇತ್ತು, ಒಬ್ಬ ಒಳ್ಳೆಯ ಹೆಣ್ಣುಮಗಳು ಸಿಕ್ಕಳು. ಒಳ್ಳೆಯವರು ಸಿಗದ ತಾಯಂದಿರ ಗತಿ ಏನು?

ಆಮೇಲೆ ನಾನು ಇದರ ಬಗ್ಗೆ ಸಿಕ್ಕಿದ್ದನ್ನೆಲ್ಲ ಓದತೊಡಗಿದೆ. ಪಿಯುಸಿವರೆಗೆ ಓದಿದ್ದೇನೆ, ಇಂಗ್ಲಿಷ್ ಕೂಡಿಸಿಕೊಂಡು ಓದಬಲ್ಲೆ. ಹೀಗೆ ದೂರದಿಂದ ಅಪ್ಪ ಅಮ್ಮಂದಿರಿಗೆ ಕಲಿಸೋದನ್ನು ಫಿನ್‌ಲ್ಯಾಂಡಿನಲ್ಲಿ ಪರೀಕ್ಷೆ ಮಾಡಿ ನೋಡಿದ್ದಾರೆ. ಟುರ್ಕು ವಿಶ್ವವಿದ್ಯಾಲಯದವರು ಮಾಡಿದ್ದು, ಫಲಿತಾಂಶ ಬಂದದ್ದು 2016ರಲ್ಲಿ. ಅಲ್ಲಿ ಪ್ರತಿ ಮಗುವಿಗೂ ನಾಲ್ಕು ವರ್ಷಕ್ಕೆ ಆರೋಗ್ಯ ಕೇಂದ್ರದಲ್ಲಿ ತಪಾಸಣೆ ಇರುತ್ತೆ. ಆಗಲೇ ಹಠ, ಸಿಟ್ಟು, ಹೊಡೆದಾಟದ ಬಗ್ಗೆ ಅಪ್ಪ ಅಮ್ಮನಿಗೆ ಒಂದಷ್ಟು ಪ್ರಶ್ನೆ ಕೇಳಿದರು. ತೊಂದರೆ ಜಾಸ್ತಿ ಇರುವವರಲ್ಲಿ 464 ಕುಟುಂಬಗಳನ್ನು ಎರಡು ಗುಂಪು ಮಾಡಿದರು. ಒಂದು ಗುಂಪಿಗೆ ಇಂಟರ್ನೆಟ್ಟಿನಲ್ಲಿ 11 ವಾರದ ಪಾಠ, ಜೊತೆಗೆ ತರಬೇತಿ ಪಡೆದ ಒಬ್ಬರಿಂದ ವಾರಕ್ಕೊಂದು ಫೋನ್. ಇನ್ನೊಂದು ಗುಂಪಿಗೆ ಓದಿಕೊಳ್ಳಲು ಒಂದು ವೆಬ್‌ಸೈಟು, ಒಂದೇ ಒಂದು ಫೋನ್. ಒಂದು ವರ್ಷ ಬಿಟ್ಟು ನೋಡಿದರೆ, ವಾರವಾರ ಫೋನ್ ಬಂದ ಮನೆಯ ಮಕ್ಕಳ ತೊಂದರೆ ಜಾಸ್ತಿ ಇಳಿದಿತ್ತು. ಮಕ್ಕಳನ್ನು ಯಾರೂ ಎಲ್ಲಿಗೂ ಕರೆದುಕೊಂಡು ಹೋಗಬೇಕಾಗಿರಲಿಲ್ಲ.

ಈ ಎರಡನೇ ಗುಂಪನ್ನು ನೀವು ಗಮನಿಸಬೇಕು. ಒಂದು ವೆಬ್‌ಸೈಟು, ಒಂದು ಫೋನ್. ನಮ್ಮಲ್ಲಿ ಯೋಜನೆ ಅಂದರೆ ಸಾಮಾನ್ಯವಾಗಿ ಇದೇ ಅಲ್ವಾ? ಆ್ಯಪ್ ಬಿಡುಗಡೆ, ಫೋಟೋ, ಪೇಪರಿನಲ್ಲಿ ಸುದ್ದಿ. ಆಮೇಲೆ ಆ್ಯಪ್ ಫೋನಿನಲ್ಲಿ ಜಾಗ ತಿಂದುಕೊಂಡು ಕೂರುತ್ತೆ, ಫೋನ್ ತುಂಬಿದ ದಿನ ಮೊದಲು ಅಳಿಸೋದು ಅದನ್ನೇ. ನನ್ನ ಒಂಬತ್ತನೇ ದಿನಕ್ಕೆ ಯಾವ ಆ್ಯಪಿನಲ್ಲೂ ಉತ್ತರ ಇರಲಿಲ್ಲ.

ಇಂಗ್ಲೆಂಡಿನಲ್ಲಿ ಹೆದರಿಕೆ ಜಾಸ್ತಿ ಇರುವ ಮಕ್ಕಳಿಗೂ ಇದೇ ಥರ ಮಾಡಿದ್ದಾರೆ. ಆಕ್ಸ್‌ಫರ್ಡ್‌ನವರು. ಪಾಠ ಅಪ್ಪ ಅಮ್ಮನಿಗೆ ಆನ್‌ಲೈನಿನಲ್ಲಿ, ನಡುನಡುವೆ ತಜ್ಞರ ಜೊತೆ ಚಿಕ್ಕ ಮಾತುಕತೆ. ಮಾಮೂಲಿ ಚಿಕಿತ್ಸೆಯಷ್ಟೇ ಗುಣ ಸಿಕ್ಕಿತು, ತಜ್ಞರ ಸಮಯ ಮಾತ್ರ ಸುಮಾರು ಐದರಲ್ಲಿ ಎರಡು ಪಾಲು ಉಳಿಯಿತು. ಮಂಗಳವಾರದ ಆ ಸಾಲಿನಲ್ಲಿ ನಿಂತವಳಿಗೆ ಈ ಲೆಕ್ಕದ ಬೆಲೆ ಗೊತ್ತು.

ನಮ್ಮಲ್ಲಿ ಏನೂ ಇಲ್ಲ ಅಂತ ನಾನು ಹೇಳುತ್ತಿಲ್ಲ. ಬೇಕಾದಷ್ಟಿದೆ. 1980ರ ದಶಕದಲ್ಲಿ ಬಳ್ಳಾರಿಯಲ್ಲಿ ಮಾನಸಿಕ ಚಿಕಿತ್ಸೆಯನ್ನು ಹಳ್ಳಿ ಕಡೆಯ ಆಸ್ಪತ್ರೆಗಳಲ್ಲೇ ಕೊಟ್ಟು ತೋರಿಸಿದ್ದನ್ನು ನೋಡಿ 1996ರಲ್ಲಿ ದೇಶದಲ್ಲಿ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಶುರು ಮಾಡಿದರು. ಹೊಸೂರು ರಸ್ತೆಯಲ್ಲಿ ನಿಮ್ಹಾನ್ಸ್ ಇದೆ, ಧಾರವಾಡದಲ್ಲಿ ಅಂಥದ್ದೇ ಆಸ್ಪತ್ರೆ ಡಿಮ್ಹಾನ್ಸ್ ಇದೆ. 2022ರ ಅಕ್ಟೋಬರ್‌ನಲ್ಲಿ ಶುರುವಾದ ಟೆಲಿ ಮಾನಸ್ ಸಹಾಯವಾಣಿ 14416 ಇದೆ, ಹಗಲು ರಾತ್ರಿ ಕನ್ನಡದಲ್ಲಿ ಮಾತಾಡುತ್ತಾರೆ, ದುಡ್ಡಿಲ್ಲ. ಈ ಪತ್ರ ಓದುತ್ತಿರುವ ಯಾರಿಗಾದರೂ ಇವತ್ತು ರಾತ್ರಿಯೇ ಕಷ್ಟ ಆಗಿದ್ದರೆ ದಯವಿಟ್ಟು ಆ ನಂಬರ್ ಒತ್ತಿ. ಆದರೆ ಅದು ನಾವು ಕಷ್ಟ ಬಂದಾಗ ಮಾಡುವ ಫೋನ್. ನನಗೆ ಬೇಕಿದ್ದದ್ದು ನಾನು ಕೈಬಿಡುವ ಹೊತ್ತಿಗೆ ಅವರಾಗಿಯೇ ಮಾಡುವ ಫೋನ್.

2013ರಲ್ಲಿ ಬಂದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮ ಇದೆ. ಅದರಲ್ಲಿ ವೈದ್ಯರ ತಂಡ ವರ್ಷಕ್ಕೆ ಎರಡು ಸಲ ಅಂಗನವಾಡಿಗೆ ಬಂದು ಮಕ್ಕಳನ್ನು ನೋಡಬೇಕು. ಹಲ್ಲು, ಕಣ್ಣು, ಹೃದಯ, ರಕ್ತ ಕಡಿಮೆ ಇರೋದು, ಮಾತು ತಡ ಆಗಿರೋದು, ಆಟಿಸಂ, ಎಲ್ಲಾ ಆ ಪಟ್ಟಿಯಲ್ಲಿದೆ. ಅಂಗನವಾಡಿ ಟೀಚರ್ ತೂಕ, ಎತ್ತರ ಫೋನಿನಲ್ಲಿ ತುಂಬುತ್ತಾರೆ. ನನ್ನ ಮಗನ ತೂಕ ಎಷ್ಟು ಗ್ರಾಂ ಏರಿತು ಅಂತ ಸರ್ಕಾರಕ್ಕೆ ಗೊತ್ತು. ಅವನು ದಿನಾ ಮುಕ್ಕಾಲು ಗಂಟೆ ನೆಲದ ಮೇಲೆ ಹೊರಳುತ್ತಿದ್ದ ಅನ್ನೋದು ಮಾತ್ರ ನನಗೂ ಅತ್ತೆಗೂ ಬಿಟ್ಟರೆ ಇನ್ಯಾರಿಗೂ ಗೊತ್ತಿರಲಿಲ್ಲ.

ನಿಮ್ಹಾನ್ಸ್‌ನವರ 2015-16ರ ರಾಷ್ಟ್ರೀಯ ಸಮೀಕ್ಷೆಯಲ್ಲಿ 13ರಿಂದ 17 ವರ್ಷದವರಲ್ಲಿ ಶೇ. 7.3 ಜನಕ್ಕೆ ಮಾನಸಿಕ ತೊಂದರೆ ಕಂಡುಬಂತಂತೆ. ಅದಕ್ಕಿಂತ ಚಿಕ್ಕವರನ್ನು ಆ ಸಮೀಕ್ಷೆಯಲ್ಲಿ ಕೇಳಲೇ ಇಲ್ಲ. ಮಾನಸಿಕ ತೊಂದರೆಗಳಲ್ಲಿ ಮೂರರಲ್ಲಿ ಒಂದು ಪಾಲು 14 ವರ್ಷದೊಳಗೇ ಶುರುವಾಗುತ್ತವೆ ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತೆ. ಹಾಗಿದ್ದ ಮೇಲೆ ಹದಿಮೂರರವರೆಗೆ ಯಾಕೆ ಕಾಯಬೇಕು?

ನಾನು ಕೇಳೋದು ಇಷ್ಟು. ಮಗುವಿಗೆ ನಾಲ್ಕು ವರ್ಷ ತುಂಬಿದಾಗ ಅಂಗನವಾಡಿಯಲ್ಲಿ ತೂಕದ ಜೊತೆ ಅಮ್ಮನನ್ನೋ ಅಪ್ಪನನ್ನೋ ಕೂರಿಸಿಕೊಂಡು ನಾಲ್ಕು ಪ್ರಶ್ನೆ ಕೇಳಿ. ನಿದ್ದೆ ಹೇಗೆ, ಹಠ ಎಷ್ಟು ಹೊತ್ತು, ಹೆದರಿಕೆ ಇದೆಯಾ, ನೀವು ಹೇಗಿದ್ದೀರಾ. ಬೇಕು ಅಂದವರ ಫೋನಿಗೆ ವಾರಕ್ಕೊಂದು ಪಾಠ ಕಳಿಸಿ. ಐದಾರು ನಿಮಿಷದ ಆಡಿಯೋ ಸಾಕು, ವಾಟ್ಸಾಪಿನಲ್ಲಿ. ಗೃಹಲಕ್ಷ್ಮಿ ದುಡ್ಡು ಬಂತಾ ಅಂತ ಫೋನಿನಲ್ಲೇ ನೋಡಿಕೊಳ್ಳುವ ಹೆಂಗಸರಿಗೆ ಒಂದು ಆಡಿಯೋ ಒತ್ತೋದು ದೊಡ್ಡ ಕೆಲಸ ಅಲ್ಲ. ಸ್ಮಾರ್ಟ್‌ಫೋನ್ ಇಲ್ಲದವರಿಗೆ ಆ ಪಾಠವನ್ನೇ ಫೋನಿನಲ್ಲಿ ಹೇಳಿದರಾಯಿತು. ಎಲ್ಲದಕ್ಕಿಂತ ಮುಖ್ಯ, ವಾರಕ್ಕೊಮ್ಮೆ ಒಬ್ಬ ಮನುಷ್ಯರು ಫೋನ್ ಮಾಡಬೇಕು. ಪ್ರತಿ ವಾರವೂ ಅದೇ ಮನುಷ್ಯರು. ಕತೆಯನ್ನು ಮೊದಲಿಂದ ಹೇಳೋದೇ ಒಂದು ಸುಸ್ತು, ಹೇಳಿದ್ದನ್ನೇ ಹೊಸಬರಿಗೆ ಮತ್ತೆ ಹೇಳಿಸಬೇಡಿ. ಮಾತಿನಲ್ಲಿ ಬಗೆಹರಿಯದ ಮಗು ಅಂತ ಅವರಿಗೆ ಅನ್ನಿಸಿದರೆ, ಅವರೇ ದಿನ ಗೊತ್ತುಮಾಡಿ ಡಾಕ್ಟರ ಹತ್ತಿರ ಕಳಿಸಲಿ.

ಜನ ಎಲ್ಲಿಂದ ತರೋದು ಅಂತೀರಾ? ನಮ್ಮ ಬೀದಿಯಲ್ಲೇ ಎಂಎಸ್‌ಡಬ್ಲ್ಯೂ, ಅಂದರೆ ಸಮಾಜಕಾರ್ಯದ ಓದು, ಮುಗಿಸಿದ ಇಬ್ಬರು ಹುಡುಗಿಯರು ಕೆಲಸ ಇಲ್ಲದೆ ಕೂತಿದ್ದಾರೆ. ಒಬ್ಬಳು ನನ್ನ ಹತ್ತಿರವೇ ಹೊಲಿಗೆ ಕಲಿಯಲು ಬರುತ್ತಾಳೆ. ತರಬೇತಿ ಕೊಡಲು ನಿಮ್ಹಾನ್ಸ್‌ನಲ್ಲಿ ಮಕ್ಕಳ ಮನೋವೈದ್ಯ ವಿಭಾಗವೇ ಇದೆ. ಇದನ್ನೂ ಅಂಗನವಾಡಿ ಟೀಚರ್ ತಲೆಗೇ ಕಟ್ಟಬೇಡಿ. 65 ಸಾವಿರಕ್ಕೂ ಹೆಚ್ಚು ಅಂಗನವಾಡಿ ಇವೆ, ಇದ್ದಬದ್ದ ಕೆಲಸವನ್ನೆಲ್ಲ ಅವರ ಮೇಲೇ ಹೇರಿದ್ದಾಗಿದೆ. ಅವರು ನಾಲ್ಕು ಪ್ರಶ್ನೆ ಕೇಳಲಿ, ಅದಕ್ಕೂ ದುಡ್ಡು ಕೊಡಿ.

ಇನ್ನು ಕೆಲವು ಸಣ್ಣ ಮಾತು. ಪಾಠಕ್ಕೆ ಮಾನಸಿಕ ಆರೋಗ್ಯ ಅಂತ ಹೆಸರಿಡಬೇಡಿ, ಹೆಸರು ಕೇಳಿಯೇ ಅರ್ಧ ಜನ ಓಡುತ್ತಾರೆ. ಮಗು ಬೆಳೆಸೋ ಮಾತು, ಹಠದ ಪಾಠ, ಏನೋ ಒಂದು. ಬೆಂಗಳೂರಿನ ಸ್ಟುಡಿಯೋ ಕನ್ನಡದಲ್ಲಿ ಮಾಡಿ ಬೀದರಿಗೆ ಕಳಿಸಬೇಡಿ. ಕಲಬುರಗಿಯ ತಾಯಿ ಅವಳ ಮಾತಿನಲ್ಲೇ ಕೇಳಲಿ, ಮಂಗಳೂರು ಕಡೆಯವಳು ತುಳುವಿನಲ್ಲಿ, ತಾಂಡಾದವಳು ಲಂಬಾಣಿಯಲ್ಲಿ, ಉರ್ದು ಮನೆಯವರು ಉರ್ದುವಿನಲ್ಲಿ. ಉದಾಹರಣೆ ಕೊಡುವಾಗ ಮಗುವಿನ ರೂಮು, ಮಗುವಿನ ಟೇಬಲ್ಲು ಅನ್ನಬೇಡಿ. ಜಗಲಿ ಅನ್ನಿ, ಅಂಗಡಿ ಮುಂದೆ ಅನ್ನಿ, ಮದುವೆ ಮನೆ ಅನ್ನಿ. ಹಠ ಮಾಡಿಸೋ ಜಾಗಗಳು ನಮ್ಮವೇ ಬೇಕಾದಷ್ಟಿವೆ. ನೋಂದಾಯಿಸಿದವರ ಹೆಸರು ಶಾಲೆಗೂ ಹೋಗಬಾರದು, ಊರಿಗೂ ಗೊತ್ತಾಗಬಾರದು. ಅಪ್ಪಂದಿರನ್ನು ಬಿಡಬೇಡಿ. ನಮ್ಮ ಯಜಮಾನರು ಮೂರನೇ ಭಾನುವಾರದ ಫೋನನ್ನು ಸ್ಪೀಕರಿನಲ್ಲಿ ಹಾಕಿಸಿ ಕೇಳಿದರು. “ಹಾಗಾದ್ರೆ ನಾನು ಬಂದ ದಿನ ಕೇಳಿದ್ದೆಲ್ಲ ಕೊಡಿಸ್ತೀನಲ್ಲ, ಅದೂ ತಪ್ಪಾ?” ಅಂತ ಅವರಾಗಿಯೇ ಕೇಳಿದರು. ವಾರವಿಡೀ ಇಲ್ಲದ ಅಪ್ಪ ಶನಿವಾರ ಅಂಗಡಿಯನ್ನೇ ಹೊತ್ತು ತರೋದು ನಮ್ಮ ಮನೆಯ ಕತೆ ಮಾತ್ರ ಇರಲಾರದು.

ಅಜ್ಜಿಯಂದಿರನ್ನೂ ಸೇರಿಸಿಕೊಳ್ಳಿ. ನಮ್ಮ ಅತ್ತೆಗೆ ಗುಂಡಿ ಆಟ ನನಗಿಂತ ಚೆನ್ನಾಗಿ ಬಂತು. ಅವರಿಗೆ ಕಲಿಸೋ ಚಟ ಇರಲಿಲ್ಲ ನೋಡಿ.

ಕೊನೆಯದಾಗಿ, ಪಾಠ ಹೇಳುವವರ ದನಿಯಲ್ಲಿ ನಮ್ಮನ್ನು ಬೈಯೋ ಧಾಟಿ ಇರಬಾರದು. ಹೊಡೆಯುವ ತಾಯಿಗೆ ಹೊಡೆಯಬಾರದು ಅಂತ ಗೊತ್ತಿರುತ್ತೆ. ಸಂಜೆ ಆರೂವರೆಗೆ, ನಾಳೆ ಮದುವೆಗೆ ಕೊಡಬೇಕಾದ ಬ್ಲೌಸು ಮಷಿನ್ ಮೇಲೆ ಇರುವಾಗ, ಮಗು ಕತ್ತರಿ ಎತ್ತಿಕೊಂಡಾಗ ಏನು ಮಾಡಬೇಕು ಅನ್ನೋದು ಗೊತ್ತಿರೋದಿಲ್ಲ.

ಇಡೀ ರಾಜ್ಯಕ್ಕೆ ಒಂದೇ ಸಲ ಮಾಡಿ ಅನ್ನುತ್ತಿಲ್ಲ. ಒಂದೆರಡು ತಾಲ್ಲೂಕಿನಲ್ಲಿ ಒಂದು ವರ್ಷ ಮಾಡಿ ನೋಡಿ, ಫಿನ್‌ಲ್ಯಾಂಡಿನವರ ಹಾಗೆ ಲೆಕ್ಕ ಇಡಿ, ಕೆಲಸ ಮಾಡದಿದ್ದರೆ ಮಾಡಲಿಲ್ಲ ಅಂತ ಹೇಳಿ. ತುಮಕೂರು ಜಿಲ್ಲೆಯಲ್ಲಿ ಒಂದು ತಾಲ್ಲೂಕು ಆರಿಸಿಕೊಂಡರೆ ಮೊದಲ ಹೆಸರು ನನ್ನದು ಬರೆದುಕೊಳ್ಳಿ. ಮಗ ಈಗ ಚೆನ್ನಾಗಿದ್ದಾನೆ, ಆದರೆ ಮಗಳು ಹುಟ್ಟಿದ್ದಾಳೆ, ಆರು ತಿಂಗಳು. ಇಲ್ಲದಿದ್ದರೆ ಫೋನ್ ಮಾಡುವ ಕಡೆಯಲ್ಲೇ ನನ್ನನ್ನು ಕೂರಿಸಿ, ಒಂಬತ್ತನೇ ದಿನ ಏನಾಗುತ್ತೆ ಅಂತ ನನಗೆ ಗೊತ್ತು.

ಒಂದೇ ಕೋರಿಕೆ. ಫೋನ್ ರಾತ್ರಿ ಒಂಬತ್ತೂವರೆ ಮೇಲೆ ಮಾಡಿಸಿ. ಅದಕ್ಕೂ ಮುಂಚೆ ಮಷಿನ್ ಸದ್ದಿನಲ್ಲಿ ಕೇಳಿಸೋದಿಲ್ಲ.

ಇಂತಿ,
ತುಮಕೂರು ಜಿಲ್ಲೆಯ ಒಬ್ಬ ತಾಯಿ